ಮೂರು, ನಾಲ್ಕು, ಮೂರು, ನಾಲ್ಕು

ತಸ್ನೀಮ್ ಮೇಡಂ ಕಂಪ್ಯೂಟರಿನ ಹಿಂದೆ ಕೈ ಹಾಕಿ ನೆಟ್‌ವರ್ಕಿನ ನೀಲಿ ವೈರನ್ನು ಕಿತ್ತು ನನ್ನ ಕೈಗೆ ಕೊಟ್ಟರು.

"ಹಿಡ್ಕೊಳ್ಳಿ, ಆರಾಧ್ಯ ಸಾರ್. ಬಿಡ್ಬೇಡಿ. ಈಗ ಯಾವ ಪುಟ ಬೇಕೋ ಕೇಳಿ."

ವೈರಿನ ತುದಿ ನನ್ನ ಅಂಗೈಯಲ್ಲಿತ್ತು. ಪರದೆಯ ಮೇಲೆ ಹೊಸ ಬ್ರೌಸರು ತೆರೆದುಕೊಂಡಿತ್ತು. ಅದರ ಹೆಸರು 'ಸೇತು'. ನಾನು ಹಿಂಜರಿಯುತ್ತಲೇ ನಮ್ಮ ಜಿಲ್ಲೆಯ ಸಂಜೆ ಪತ್ರಿಕೆ ಎಂದೆ. ಮೇಡಂ ಟೈಪು ಮಾಡಿ ಮುಗಿಸುವ ಮೊದಲೇ ಪುಟ ಬಂತು. ಇವತ್ತಿನದೇ ತಾರೀಖು. ಬೆಟ್ಟದ ಸೀಮೆಯಲ್ಲಿ ಸಾಧಾರಣ ಮಳೆ. ನಾಳೆ ಬೆಳಿಗ್ಗೆ ಹತ್ತರಿಂದ ವಿದ್ಯುತ್ ವ್ಯತ್ಯಯ. ಕೆಂಪಾಪುರದಲ್ಲಿ ನಿವೃತ್ತ ಶಿಕ್ಷಕರೊಬ್ಬರಿಗೆ ಸನ್ಮಾನ.

ನಾನು ವೈರನ್ನು ನೋಡಿದೆ, ಪರದೆಯನ್ನು ನೋಡಿದೆ.

"ಇದು ಎಲ್ಲಿಂದ ಬಂತು ಮೇಡಂ?"

"ಎಲ್ಲಿಂದಾನೂ ಬರ್ಲಿಲ್ಲ ಸಾರ್. ಊಹೆ!" ಎಂದು ಅವರು ಚಪ್ಪಾಳೆ ತಟ್ಟಿ ನಕ್ಕರು. ಅವರು ನಮ್ಮ ಅಸಿಸ್ಟೆಂಟ್ ಎಂಜಿನಿಯರು. ಕೆಲಸಕ್ಕೆ ಸೇರಿ ಇನ್ನೂ ಎರಡು ವರ್ಷವಾಗಿರಲಿಲ್ಲ. "ಈ ಮಿಷನ್ನಲ್ಲಿ ಏನೇನಿದೆಯೋ ಅದನ್ನೆಲ್ಲ ಓದ್ಕೊಂಡು ಕೂತಿರತ್ತೆ. ಇದುವರೆಗೆ ಬಂದ ಪುಟಗಳು, ನೀವು ಬರ್ದಿಟ್ಟಿರೋ ಫೈಲುಗಳು, ಎಲ್ಲಾನೂ. ಲೈನು ಹೋದಾಗ ಮುಂದಿನ ಪುಟ ಹೇಗಿರ್ಬೋದು ಅಂತ ತಾನೇ ಕಟ್ಟತ್ತೆ. ಲೈನು ಬಂದ ತಕ್ಷಣ ಅಸಲಿ ಪುಟ ಹಾಕ್ಬಿಡತ್ತೆ. ಹೊರಗಡೆಗೆ ಒಂದಕ್ಷರಾನೂ ಕಳಿಸಲ್ಲ. ಇನ್ಮೇಲೆ ಆ 'ಪುಟ ಸಿಗುತ್ತಿಲ್ಲ' ಅನ್ನೋ ದರಿದ್ರ ಮುಖ ನೋಡೋ ಹಾಗಿಲ್ಲ."

ವೈರನ್ನು ಮತ್ತೆ ಸಿಕ್ಕಿಸಿದಾಗ ನಿಜವಾದ ಪುಟ ಬಂತು. ಹೆಚ್ಚು ಕಡಿಮೆ ಅದೇ ಪುಟ. ಹತ್ತರ ಬದಲು ಒಂಬತ್ತರಿಂದ ವಿದ್ಯುತ್ ವ್ಯತ್ಯಯ. ಸನ್ಮಾನದ ಸುದ್ದಿ ಮಾತ್ರ ಎಲ್ಲೂ ಇರಲಿಲ್ಲ. ಅಂಥ ಶಿಕ್ಷಕರು ಕೆಂಪಾಪುರದಲ್ಲಿ ಇದ್ದಾರೋ ಇಲ್ಲವೋ, ದೇವರೇ ಬಲ್ಲ. ಆದರೆ ಒಂದು ಕ್ಷಣ ಅವರು ಹೆಗಲ ಮೇಲೆ ಶಾಲು ಹೊದ್ದು ನನ್ನ ಕಣ್ಣ ಮುಂದೆ ನಿಂತಿದ್ದರು.

ಆಗಲೇ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ.

ಕಾರಣ ಹೇಳುತ್ತೇನೆ. ಹೊನ್ನೇಕಟ್ಟೆ ಅಣೆಕಟ್ಟಿನ ಕಂಟ್ರೋಲ್ ರೂಮಿನಲ್ಲಿ ನಾನು ಇಪ್ಪತ್ತಾರು ವರ್ಷದಿಂದ ವೈರ್‌ಲೆಸ್ ಆಪರೇಟರು. ಅಲ್ಲಿರುವುದು ಹಳೆಯ ಕಂಪ್ಯೂಟರು. ಬೇರೇನೂ ಓಡುವುದಿಲ್ಲವೆಂದು ಅದರಲ್ಲಿ ಲಿನಕ್ಸ್ ಹಾಕಿದ್ದರು. ಹಳೆಯ ಬ್ರೌಸರು ತೆರೆಯುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಯುತ್ತಿತ್ತು. ಅದರಲ್ಲಿ ಕನ್ನಡದ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬೀಳುತ್ತಿದ್ದವು. ಸೇತುವಿನಲ್ಲಿ ಅಕ್ಷರಗಳು ಮುತ್ತು ಪೋಣಿಸಿದಂತೆ ನಿಂತವು. ಮೇಡಂ ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಎರಡು ಸಾಲು ಬರೆದದ್ದೇ ತಡ, ಇಡೀ ಯಂತ್ರಕ್ಕೆ ಹೊಸ ಜೀವ ಬಂದಿತ್ತು. ನನ್ನ ಕಣ್ಣು ಮಂಜು. ಅಕ್ಷರ ಚೆಂದ ಕಂಡದ್ದೇ ಸೋತೆ.

"ಊಹೆಯ ಪುಟ ಯಾವ್ದು, ನಿಜವಾದ ಪುಟ ಯಾವ್ದು, ಗೊತ್ತಾಗೋದು ಹೇಗೆ?" ಎಂದು ಕೇಳಿದೆ, ಅಷ್ಟೆ.

"ಕೆಳಗಡೆ ಮೂಲೇಲಿ ಒಂದು ಚುಕ್ಕಿ ಇರತ್ತೆ ಸಾರ್. ಹಸಿರಿದ್ರೆ ಅಸಲಿ. ಕೆಂಪಾದ್ರೆ ಕಟ್ಟಿದ್ದು."

*

ನಾನು ಹಾಡುವವನಲ್ಲ, ಕೇಳುವವನು. ನಮ್ಮೂರಿನ ಮಠದ ಜಗಲಿಯಲ್ಲಿ ಗಮಕಿಗಳು ಕಾವ್ಯವನ್ನು ರಾಗವಾಗಿ ಓದುತ್ತಿದ್ದರು. ಸೋದರತ್ತೆ ಪುಟ್ಟಗೌರಮ್ಮನ ತೊಡೆಗೆ ಒರಗಿ ಅದನ್ನು ಕೇಳುತ್ತ ಬೆಳೆದೆ. ಅತ್ತೆಗೆ ಓದು ಬರದು. ಪದ್ಯಗಳೆಲ್ಲ ಕಿವಿಯಲ್ಲೇ ಇದ್ದವು. ಒಂದು ದಿನ ಗಮಕಿ ಶಾಂತಪ್ಪನವರು ಓದುತ್ತಿರುವಾಗ ಅತ್ತೆ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಸುಕಿದಳು.

"ಈ ಸಾಲು ಅವನದು," ಎಂದು ಪಿಸುಗುಟ್ಟಿದಳು. "ಮರ್ತೋಗಿ ತಾನೇ ಕಟ್ದ."

ಸಾಲು ಚೆನ್ನಾಗಿಯೇ ಇತ್ತು. ಲಯ ಒಂದಿಷ್ಟೂ ತಪ್ಪಿರಲಿಲ್ಲ. ಸಭೆ ತಲೆದೂಗುತ್ತಿತ್ತು. ಹಾಗಾದರೆ ಅವರಿಗೇ ಹೇಳುತ್ತೇನೆ ಎಂದು ನಾನು ಏಳಹೊರಟೆ. ಅತ್ತೆ ಕೈಯಿಂದ ನನ್ನ ಬಾಯಿ ಮುಚ್ಚಿದಳು. ಓದುವವರನ್ನು ನಡುವೆ ನಿಲ್ಲಿಸುವುದು ಮಹಾಪಾಪ ಎಂದಳು. ಅಂದಿನಿಂದ ನನಗೆ ಮುಗ್ಗರಿಸುವ ಓದಿನ ಭಯವಿಲ್ಲ. ಎಲ್ಲೂ ಮುಗ್ಗರಿಸದ ಓದೆಂದರೆ ಭಯ.

ದೈವ ನೋಡಿ, ನನ್ನ ಹೆಂಡತಿಯೇ ಗಮಕಿ. ಸರ್ವಮಂಗಳಾ ಎಂದರೆ ನಮ್ಮ ಸುತ್ತಿನ ಹತ್ತು ಹಳ್ಳಿಗೆ ಗೊತ್ತು. ಪ್ರತಿ ಶ್ರಾವಣದಲ್ಲಿ ಹದಿಮೂರು ದಿನ, ಅಣೆಕಟ್ಟಿನಿಂದ ಎರಡು ಕಿಲೋಮೀಟರ್ ಕೆಳಗೆ, ಹೊಳೆಯ ನಡುವಿನ ಆನೆಬಂಡೆಯ ಕಲ್ಲುಮಂಟಪದಲ್ಲಿ ಅವಳ ವಾಚನ. ನಮ್ಮ ಮುತ್ತಜ್ಜ ಬರೆದ ಶಿವಕಥೆ. ಭಾಮಿನಿ ಷಟ್ಪದಿಯಲ್ಲಿ ಎಂಟುನೂರು ಪದ್ಯ. ಗೇಟು ಮುಚ್ಚಿರುವ ಕಾಲದಲ್ಲಿ ಕಲ್ಲು ದಾಟುತ್ತ ಬಂಡೆಗೆ ಹೋಗಬಹುದು. ವಾಚನಕ್ಕೆ ಹೋಗುವವರು ಮೊಬೈಲುಗಳನ್ನೆಲ್ಲ ಒಂದು ಬಿದಿರುಬುಟ್ಟಿಗೆ ಹಾಕಿ ದಡದಲ್ಲೇ ಬಿಟ್ಟು ಹೋಗುವುದು ಅವಳೇ ಮಾಡಿದ ಕಟ್ಟಳೆ.

ಮುತ್ತಜ್ಜನ ನೋಟುಬುಕ್ಕು ನುಸಿ ಹಿಡಿದಿತ್ತು. ಮೂರು ವರ್ಷದಿಂದ ಬಿಡುವಿದ್ದಾಗಲೆಲ್ಲ ಕಂಟ್ರೋಲ್ ರೂಮಿನ ಆ ಕಂಪ್ಯೂಟರಿನಲ್ಲೇ ನಾನು ಪದ್ಯಗಳನ್ನು ಟೈಪು ಮಾಡಿ ದಪ್ಪ ಅಕ್ಷರದಲ್ಲಿ ಪ್ರಿಂಟು ತೆಗೆದು ಕೊಡುತ್ತಿದ್ದೆ. ಓದುವಾಗ ಎಲ್ಲಿ ಒಡೆಯಬೇಕೆಂದು ತಿಳಿಯಲಿ ಎಂದು ಪ್ರತಿ ಸಾಲಿನ ನೆತ್ತಿಯ ಮೇಲೆ ಮಾತ್ರೆಗಳ ಅಂಕಿಯನ್ನೂ ಹಾಕುತ್ತಿದ್ದೆ. ಮೂರು, ನಾಲ್ಕು, ಮೂರು, ನಾಲ್ಕು. ಎರಡನೆಯ ಸಾಲೂ ಹಾಗೇ. ಮೂರನೆಯದು ಉದ್ದ: ಮೂರು ನಾಲ್ಕು, ಮೂರು ನಾಲ್ಕು, ಮೂರು ನಾಲ್ಕು, ಕೊನೆಗೆ ಉಸಿರು ತಂಗಲು ಬರೀ ಎರಡು. ಮುಂದಿನ ಅರ್ಧ ಪದ್ಯಕ್ಕೂ ಇದೇ ಲೆಕ್ಕ. ಎಂಟುನೂರು ಪದ್ಯಕ್ಕೂ ಇದೇ.

"ಎಂಟುನೂರಕ್ಕೂ ಯಾಕ್ರೀ ಬರೀತೀರಿ? ಒಂದಕ್ಕೆ ಬರೆದ್ರೆ ಸಾಲ್ದಾ?" ಎಂದು ಮಂಗಳಾ ಅನ್ನುತ್ತಿದ್ದಳು.

"ನೋಡೋಕೆ ಚೆನ್ನಾಗಿರತ್ತೆ."

"ಸಂಬಳ ಕೊಡೋದು ಹೊಳೆ ಕಾಯೋಕೆ. ಮಾಡೋದು ಮಾತ್ರೆ ಎಣಿಸೋ ಕೆಲ್ಸ. ಗೇಟು ಬಿಡೋವಾಗ್ಲೂ ತಾಳ ಹಾಕ್ತೀರೇನೋ!"

ಹೊಸ ಬ್ರೌಸರಿನ ವಿಷಯ ಹೇಳಿದ ದಿನ ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಇಲ್ಲದ್ದನ್ನ ಇದೆ ಅಂತ ತೋರಿಸತ್ತಾ? ಮರೆತ್ರೆ ಮರೆತೆ ಅನ್ನೋಕೆ ನಾಚಿಕೆಯೇನು ಅದಕ್ಕೆ?"

ನಕ್ಕುಬಿಟ್ಟೆ. ವಾಚನದ ಮೊದಲ ಹನ್ನೆರಡು ದಿನ ಏನೂ ಆಗಲಿಲ್ಲ. ಚುಕ್ಕಿ ಹಸಿರಾಗಿಯೇ ಇತ್ತು. ಹದಿಮೂರನೆಯ ದಿನದ ಮುನ್ನಾ ದಿನ, ಕಣ್ಣಿಗೆ ಸರಿಯಾಗಿ ಕಾಣಲೆಂದು ಪರದೆಯ ಕೆಳಗಿನ ಪಟ್ಟಿಯನ್ನು ಎಳೆದು ಎರಡು ಬೆರಳು ದಪ್ಪ ಮಾಡಿಕೊಂಡೆ. ಗಡಿಯಾರ ದೊಡ್ಡದಾಯಿತು, ಚಿತ್ರಗಳು ದೊಡ್ಡದಾದವು. ಆ ಪಟ್ಟಿ ಏನನ್ನು ಮುಚ್ಚಿತೆಂದು ನಾನು ನೋಡಲಿಲ್ಲ.

*

ಕೊನೆಯ ದಿನ. ಮಂಟಪದಲ್ಲಿ ಮಂಗಳವಾಚನ. ಅಣೆಕಟ್ಟಿನ ಮೇಲೆ ಎಳೆಬಿಸಿಲು. ಆದರೆ ಮೂವತ್ತು ಮೈಲಿ ಆಚೆಯ ಮುಗಿಲಬೆಟ್ಟದ ನೆತ್ತಿ ಬೆಳಗಿನಿಂದ ಕಾಣುತ್ತಿರಲಿಲ್ಲ. ಬೆಟ್ಟದ ಬುಡದಲ್ಲಿ ಹೊಳೆಯ ಮಟ್ಟ ಅಳೆಯುವ ಕಂಬವಿದೆ. ಹತ್ತು ನಿಮಿಷಕ್ಕೊಮ್ಮೆ ಅದರ ಅಳತೆ ಪುಟದಲ್ಲಿ ಬರುತ್ತದೆ. ಅಲ್ಲಿಂದ ಹೊರಟ ನೀರು ನಮ್ಮನ್ನು ಮುಟ್ಟಲು ಮೂರು ಗಂಟೆ. ಜಲಾಶಯ ತುಂಬಲು ಇನ್ನು ನಲವತ್ತು ಸೆಂಟಿಮೀಟರ್ ಉಳಿದಿತ್ತು. ಆದ್ದರಿಂದ ನಾವು ನೋಡುತ್ತಿದ್ದದ್ದು ಆ ಒಂದು ಪುಟವನ್ನೇ.

ಎಂಟು ಇಪ್ಪತ್ತಕ್ಕೆ ಮಂಗಳಾ ದಡದಿಂದ ಫೋನು ಮಾಡಿದಳು. "ಫೋನು ಬುಟ್ಟಿಗೆ ಹಾಕ್ತಾ ಇದೀನಿ ರೀ. ಬೆಟ್ಟ ಕಪ್ಪಗಿದೆ. ಹೋಗ್ಬೋದಾ?"

ಪುಟ ನೋಡಿದೆ. ಎಂಟು ಹತ್ತಕ್ಕೆ ಮೂರು ಸೆಂಟಿಮೀಟರ್ ಏರಿಕೆ. ಎಂಟು ಇಪ್ಪತ್ತಕ್ಕೆ ನಾಲ್ಕು. ಶ್ರಾವಣದಲ್ಲಿ ಇಷ್ಟು ಏರಿಕೆ ಯಾವ ಲೆಕ್ಕ? ಸಂಜೆಯವರೆಗೆ ಹೀಗೇ ಬಂದರೂ ಒಂದು ಗೇಟನ್ನು ಒಂದು ಅಂಗುಲ ಎತ್ತಿದರೆ ಮುಗಿಯಿತು.

"ಹೋಗು," ಎಂದೆ.

ನಮ್ಮಲ್ಲಿ ಅರ್ಧ ಗಂಟೆಗೊಮ್ಮೆ ಅಳತೆಯನ್ನು ವೈರ್‌ಲೆಸ್ಸಿನಲ್ಲಿ ಓದಿ ಹೇಳುವ ಪದ್ಧತಿ. ಕೆಂಪಾಪುರದ ಠಾಣೆಯಲ್ಲಿ ಜವರಯ್ಯ ಬರೆದುಕೊಂಡು, ಬರೆದದ್ದನ್ನು ತಿರುಗಿ ಓದಬೇಕು. ಫೋನು, ಮೆಸೇಜು ಬಂದ ಮೇಲೆ ಬೇರೆ ಅಣೆಕಟ್ಟುಗಳವರು ಇದನ್ನು ಬಿಟ್ಟರು. ನಾನು ಬಿಟ್ಟಿರಲಿಲ್ಲ. ಎಂಟೂವರೆ, ಒಂಬತ್ತು, ಒಂಬತ್ತೂವರೆ, ಹತ್ತು: ಓದಿದೆ, ಅವನು ತಿರುಗಿ ಓದಿದ. ತಸ್ನೀಮ್ ಮೇಡಂ ಗ್ರೀಸಿನ ಲೆಕ್ಕ ಬರೆಯುತ್ತಿದ್ದರು. ಗೇಟಿನ ಚಿಕ್ಕಬೋರಯ್ಯ ಬಾಗಿಲಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

ಹತ್ತೂವರೆಗೆ ಜವರಯ್ಯನೇ ಕರೆದ.

"ಹೊನ್ನೇಕಟ್ಟೆ, ಕೆಂಪಾಪುರ. ಸ್ವಾಮಿ, ಕಾಗ್ದದ ಮ್ಯಾಲೆ ಟೀ ಚೆಲ್ಬುಟ್ಟೆ. ಬೈಬೇಡಿ. ಏರಿಕೆನೆಲ್ಲ ಎಂಟ್ ಗಂಟೆಯಿಂದ ಇನ್ನೊಂದ್ಸಲ ಓದ್ಬುಡಿ. ಓವರ್."

ಕನ್ನಡಕ ಸರಿಮಾಡಿಕೊಂಡು ಪರದೆಯಿಂದ ಓದತೊಡಗಿದೆ. "ಮೂರು. ನಾಲ್ಕು. ಮೂರು. ನಾಲ್ಕು." ಅವನು ಬರೆದುಕೊಳ್ಳಲೆಂದು ಒಂದು ಉಸಿರು ಬಿಟ್ಟೆ. "ಮೂರು. ನಾಲ್ಕು. ಮೂರು. ನಾಲ್ಕು." ಮತ್ತೆ ಉಸಿರು. "ಮೂರು, ನಾಲ್ಕು, ಮೂರು, ನಾಲ್ಕು, ಮೂರು, ನಾಲ್ಕು... ಎರಡು."

ಎರಡು ಎನ್ನುವಾಗ ನನ್ನ ಅಂಗೈ ತನ್ನಷ್ಟಕ್ಕೆ ತೊಡೆಯ ಮೇಲೆ ಬಿತ್ತು.

ಸೆಟ್ಟಿನಲ್ಲಿ ಜವರಯ್ಯ ನಗುತ್ತಿದ್ದ. "ಇದೇನ್ ಸ್ವಾಮಿ, ಅಮ್ಮಾವ್ರ ಜೊತೆ ಸೇರಿ ನೀವೂ ವಾಚನ ಮಾಡ್ತಿದೀರಾ? ಓವರ್."

ಯಾರೋ ನನ್ನ ಮುಂಗೈ ಹಿಸುಕಿದಂತಾಯಿತು. ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಈ ಸಾಲು ಅವನದು. ಮರೆತುಹೋಗಿ ತಾನೇ ಕಟ್ಟಿದ.

*

"ಮೇಡಂ," ಎಂದೆ.

ಮೌಸು ಹಿಡಿದು ಕೆಳಗಿನ ಪಟ್ಟಿಯನ್ನು ಕುಗ್ಗಿಸಲು ಮೂರು ಸಲ ಎಳೆಯಬೇಕಾಯಿತು. ಪಟ್ಟಿ ಇಳಿಯಿತು. ಮೂಲೆಯಲ್ಲಿ ಚುಕ್ಕಿ ಕೆಂಡದಂತೆ ಕೆಂಪಗಿತ್ತು. ಪಕ್ಕದಲ್ಲಿ ಸಣ್ಣ ಅಕ್ಷರ: ಎಂಟು ಗಂಟೆ ಮೂರು ನಿಮಿಷದಿಂದ ಈ ಪುಟಕ್ಕೆ ಸೇತು ಕಟ್ಟಲಾಗಿದೆ.

ಮೇಡಂ ಎದ್ದು ಬಂದು ಓದಿದರು. ತಕ್ಷಣ ಹಳೆಯ ಬ್ರೌಸರನ್ನು ತೆರೆದರು. ಅದು ತನ್ನ ಚಕ್ರವನ್ನು ತಿರುಗಿಸಿತು, ತಿರುಗಿಸಿತು, ಕೊನೆಗೆ ಮುರಿದ ಒತ್ತಕ್ಷರಗಳಲ್ಲಿ ಹೇಳಿತು: ಪುಟ ಸಿಗುತ್ತಿಲ್ಲ.

"ಬೆಟ್ಟದ ಲೈನೇ ಹೋಗಿದೆ," ಎಂದರು. ಬೆಟ್ಟದ ಕಾವಲುಗಾರನಿಗೆ ಫೋನು ಮಾಡಿದರು. ಗಂಟೆಯೂ ಬಾರಿಸಲಿಲ್ಲ. "ಎರಡೂವರೆ ಗಂಟೆಯಿಂದ ಅಲ್ಲಿ ಏನಾಗ್ತಿದೆ ಅಂತ ನಮಗೆ ಗೊತ್ತೇ ಇಲ್ಲ ಸಾರ್. ಮತ್ತೆ ಈ ಅಂಕಿಗಳು? ಇವು ಎಲ್ಲಿಂದ ಬಂದ್ವು?"

"ನನ್ನಿಂದ," ಎಂದೆ.

ಅವರಿಗೆ ಅರ್ಥವಾಗಲಿಲ್ಲ. ನನ್ನ ಪದ್ಯಗಳ ಫೈಲನ್ನು ತೆರೆದು ತೋರಿಸಿದೆ. ಪುಟದ ಮೇಲೆ ಪುಟ, ಸಾಲಿನ ನೆತ್ತಿಯ ಮೇಲೆ ಅಂಕಿ. ಆ ಯಂತ್ರ ತನ್ನ ಹೊಟ್ಟೆಯೊಳಗೆ ಹುಡುಕಿ ನೋಡಿದೆ. ಅಂಕಿಯ ಮುಂದೆ ಯಾವ ಅಂಕಿ ಬರುತ್ತದೆಂದು ಅದಕ್ಕೆ ನನ್ನಷ್ಟು ಸಲ ಹೇಳಿಕೊಟ್ಟವರಿಲ್ಲ. ಹೊಳೆ ನಾಲ್ಕು ಮಾತು ಹೇಳಿದ್ದರೆ ನಾನು ಇಪ್ಪತ್ತನಾಲ್ಕು ಸಾವಿರ ಹೇಳಿದ್ದೆ. ಹೊಳೆಯ ಬಾಯಲ್ಲಿ ಅದು ನನ್ನ ಮಾತನ್ನೇ ಆಡಿಸಿತ್ತು. ನಾನು ಅದನ್ನು ನಂಬಿ 'ಹೋಗು' ಎಂದಿದ್ದೆ.

ಮೇಡಂ ಜಿಲ್ಲಾ ಕಚೇರಿಗೆ ಫೋನು ಮಾಡಿದರು. ದೊಡ್ಡ ಸಾಹೇಬರ ಧ್ವನಿ ನನಗೂ ಕೇಳಿಸುವಷ್ಟು ಜೋರಾಗಿತ್ತು.

"ಏನಮ್ಮ, ಗಾಬರಿ ಯಾಕೆ? ನನ್ನ ಮುಂದೇನೇ ಪುಟ ಇದೆ. ಒಂದು, ಒಂದು, ಸೊನ್ನೆ, ಒಂದು. ಸುಮ್ನೆ ಮಲಗಿದೆ ಹೊಳೆ."

"ಸಾರ್, ನಿಮ್ಮದು ಯಾವ ಬ್ರೌಸರು?"

"ಅದೇ, ನೀನೇ ಹಾಕ್ಕೊಟ್ಟೆಯಲ್ಲ, ಸೇತು. ಫಸ್ಟ್ ಕ್ಲಾಸ್ ಇದೆ!"

ಮೇಡಂ ಫೋನನ್ನು ಕಿವಿಯಿಂದ ಮೆಲ್ಲಗೆ ಇಳಿಸಿದರು. ಎರಡು ಪರದೆ, ಎರಡು ಹೊಳೆ. ನೆಮ್ಮದಿ ಬಯಸುವವರಿಗೆ ನೆಮ್ಮದಿಯ ಹೊಳೆ, ಪದ್ಯ ಎಣಿಸುವವನಿಗೆ ಪದ್ಯದ ಹೊಳೆ. ನಾಡಿನ ಮೇಜು ಮೇಜಿನ ಮೇಲೂ ಹೀಗೆ ಒಂದೊಂದು ಹೊಳೆ ಹರಿಯುತ್ತಿದ್ದರೆ? ನಿಜವಾದ ಹೊಳೆ ಮಾತ್ರ ಯಾರ ಪರದೆಯಲ್ಲೂ ಇರಲಿಲ್ಲ. ಅದು ದಾರಿಯಲ್ಲಿತ್ತು.

"ನೀರು ಬಂದ್ರೆ ಗೇಟು ತೆರೀಲೇಬೇಕು," ಎಂದರು ಮೇಡಂ. "ತೆರೀದೆ ಇದ್ರೆ ಮಣ್ಣಿನ ಏರಿ ತಡೆಯಲ್ಲ. ಕೆಂಪಾಪುರ ಪೂರ್ತಿ ಹೋಗತ್ತೆ. ತೆರೆದ್ರೆ ಹನ್ನೆರಡು ನಿಮಿಷದಲ್ಲಿ ಆನೆಬಂಡೆ ಮೇಲೆ..." ಅವರು ನನ್ನ ಕಡೆ ನೋಡಿ ಮಾತು ನಿಲ್ಲಿಸಿದರು. ಬಂಡೆಯ ಮೇಲೆ ಯಾರಿದ್ದಾರೆಂದು ಅವರಿಗೂ ಗೊತ್ತಿತ್ತು.

"ಸೈರನ್ ಹಾಕು ಬೋರಯ್ಯ!" ಎಂದು ನಾನು ಕೂಗಿದೆ.

ಚಿಕ್ಕಬೋರಯ್ಯ ಹಾಕಿದ. ಸೈರನ್ನು ಕಣಿವೆ ತುಂಬ ಕೂಗಿತು. ಪ್ರತಿದಿನ ಹನ್ನೊಂದಕ್ಕೆ ಪರೀಕ್ಷೆಗೆಂದು ಅದನ್ನು ಕೂಗಿಸುತ್ತೇವೆ. ಇಪ್ಪತ್ತು ನಿಮಿಷ ಮೊದಲೇ ಕೂಗಿದರೆ ಯಾರು ಗಡಿಯಾರ ನೋಡುತ್ತಾರೆ?

ನಾನು ಸೆಟ್ಟು ಹಿಡಿದೆ. "ಜವರಯ್ಯ, ಕೈ ಸೆಟ್ಟು ತಗೊಂಡು ಆನೆಬಂಡೆಗೆ ಓಡು. ಎಲ್ಲರನ್ನೂ ಎಬ್ಬಿಸು. ಗೇಟು ಬಿಡ್ತೀವಿ. ಓವರ್."

"ಅಯ್ಯೋ ಸಿವನೆ," ಎಂದದ್ದಷ್ಟೇ ಕೇಳಿಸಿತು.

ಗಡಿಯಾರ ನೋಡುತ್ತ ಕೂತೆ. ಹತ್ತು ನಲವತ್ತೆಂಟಕ್ಕೆ ಸೆಟ್ಟು ಗರಗರ ಎಂದಿತು. ಜವರಯ್ಯನ ಏದುಸಿರು. ಅದರ ಹಿಂದೆ, ಮೈಕಿನಲ್ಲಿ, ಮಂಗಳಾಳ ಧ್ವನಿ.

"ಸ್ವಾಮಿ, ಮಂಟಪದಾಗೇ ಇವ್ನಿ. ಎಷ್ಟು ಕೂಗಿದ್ರೂ ಬಾಯಿ ಮ್ಯಾಲೆ ಬೆರಳಿಟ್ಟು ಕೂತ್ಕೊ ಅಂತಾರೆ. ಪದ್ಯ ಮುಗೀಲಿ ಅಂತಾರೆ. ಒಬ್ರು ಪ್ರಸಾದ ಬೇರೆ ಕೊಟ್ರು! ಮಂಗಳದ ದಿವ್ಸ ನಡುವೆ ಎದ್ದರೆ ಕೇಡು ಅಂತ ಅಲ್ಲಾಡ್ತಾನೇ ಇಲ್ಲ. ಏನ್ ಮಾಡ್ಲಿ? ಓವರ್."

"ಸೆಟ್ಟನ್ನ ಮೈಕಿಗೆ ಹಿಡಿ. ನಾನು ಮಾತಾಡ್ತೀನಿ. ಓವರ್."

ಅವನು ಗುಂಡಿ ಒತ್ತಿಕೊಂಡೇ ಹತ್ತಿರ ಹೋಗುತ್ತಿದ್ದಿರಬೇಕು. ಅವಳ ಧ್ವನಿ ದೊಡ್ಡದಾಗುತ್ತ ಬಂತು. ಮೊದಲ ಸಾಲು. ಎರಡನೆಯ ಸಾಲು. ಉದ್ದದ ಮೂರನೆಯ ಸಾಲಿಗೆ ಅವಳು ಎತ್ತಿಕೊಂಡಳು. ಮೂವತ್ತು ವರ್ಷದಲ್ಲಿ ಆ ಸಾಲನ್ನು ಎಷ್ಟು ಸಲ ಕೇಳಿದ್ದೇನೋ! ಒಂದು ಸಲವಾದರೂ ನಡುವೆ ಕೆಮ್ಮಿದವನಲ್ಲ ನಾನು. ಅವಳು ಒಮ್ಮೆ ಪಾಠ ತಪ್ಪಿದಾಗಲೂ ಮನೆಗೆ ಬಂದು, ಊಟವಾದ ಮೇಲೆ ಹೇಳಿದವನು.

ಜವರಯ್ಯ ಗುಂಡಿ ಬಿಟ್ಟ. ಅವಳ ಧ್ವನಿ ಕತ್ತರಿಸಿದಂತೆ ನಿಂತಿತು. ಈ ಸೆಟ್ಟಿನ ಗುಣವೇ ಹಾಗೆ: ನಾನು ಮಾತಾಡುವಾಗ ಅವರದು ನನಗೆ ಕೇಳಿಸುವುದಿಲ್ಲ. ಬಾವಿಗೆ ಬಾಗಿ ಕೂಗಿದಂತೆ ನಾನು ಕೂಗಬೇಕು.

ಗುಂಡಿ ಒತ್ತಿದೆ. ಬಾಯಿಯ ಮೇಲೆ ಅತ್ತೆಯ ಕೈ ಇದ್ದಂತಿತ್ತು.

"ಮಂಗಳಾ, ನಿಲ್ಲಿಸು. ಸಾಲು ಮುಗಿಸ್ಬೇಡ. ಈಗ್ಲೇ ಏಳು, ಎಲ್ಲರನ್ನೂ ಏಳ್ಸು. ಬೆಳಿಗ್ಗೆ ಹೋಗು ಅಂದೆನಲ್ಲ, ಅದು ಸುಳ್ಳು. ಹೊಳೆ ಬರ್ತಾ ಇದೆ."

ಬೆರಳೆತ್ತಿದೆ. ಏನೂ ಕೇಳಿಸಲಿಲ್ಲ. ಒಂದು ಉಸಿರು, ಎರಡು ಉಸಿರು. ಮೇಡಂ ನನ್ನ ಕುರ್ಚಿಯ ಬೆನ್ನನ್ನು ಹಿಡಿದು ನಿಂತಿದ್ದರು. ಅವರ ತುಟಿ ಪಿಟಿಪಿಟಿ ಆಡುತ್ತಿತ್ತು. ನಾನು ಶಿವನನ್ನು ಕರೆಯುತ್ತಿದ್ದೆ, ಅವರು ಅಲ್ಲಾಹನನ್ನು.

ಗರ್ ಎಂದಿತು. ಮೈಕಿನಲ್ಲಿ ಜನರ ಗದ್ದಲ, ಯಾರೋ ಮುದುಕರು "ಯಾರದು, ವಾಚನ ಕೆಡಿಸ್ದೋನು?" ಎಂದು ಗದರುತ್ತಿದ್ದರು. ಅದರ ಮೇಲೆ ಅವಳ ಧ್ವನಿ. ರಾಗವಿಲ್ಲದ, ಅಡುಗೆಮನೆಯ ಧ್ವನಿ.

"ನಮ್ಮ ಮನೆಯವ್ರು. ಮೂವತ್ತು ವರ್ಷದಲ್ಲಿ ಒಂದು ದಿನಾನೂ ನನ್ನ ನಡುವೆ ನಿಲ್ಲಿಸ್ದವರಲ್ಲ. ಇವತ್ತು ನಿಲ್ಲಿಸಿದಾರೆ. ಏಳಿ ಎಲ್ಲಾ. ವಯಸ್ಸಾದವರು ಮುಂದೆ. ಚೆಪ್ಪಲಿ ಹುಡುಕ್ಬೇಡಿ."

*

ಐವತ್ತೆಂಟು ಜನ. ಅರ್ಧಕ್ಕರ್ಧ ಅರವತ್ತು ದಾಟಿದವರು. ಪಾಚಿಗಟ್ಟಿದ ಕಲ್ಲಿನಿಂದ ಕಲ್ಲಿಗೆ ಒಬ್ಬೊಬ್ಬರೇ ದಾಟಬೇಕು. ಜವರಯ್ಯ ದಾಟಿದವರನ್ನು ಎಣಿಸಿ ಹೇಳುತ್ತಿದ್ದ. ಹನ್ನೊಂದು. ಹತ್ತೊಂಬತ್ತು. ಇಪ್ಪತ್ತು. ಇಪ್ಪತ್ತರಲ್ಲೇ ಬಹಳ ಹೊತ್ತು ನಿಂತಿತು.

ಮೇಡಂ ಚಿಕ್ಕಬೋರಯ್ಯನನ್ನು ಕಟ್ಟೆಯ ಮೇಲೆ ನಿಲ್ಲಿಸಿದ್ದರು. ಗೋಡೆಗೆ ಬಳಿದ ಅಳತೆಪಟ್ಟಿಯನ್ನು ಬರಿಗಣ್ಣಿಂದ ನೋಡಿ ಕೂಗುವುದು ಅವನ ಕೆಲಸ. ಹನ್ನೊಂದೂ ಎರಡಕ್ಕೆ ಅವನು ಮೊದಲು ಕೂಗಿದ.

"ಎರಡು!"

ಸ್ವಲ್ಪ ಹೊತ್ತಿಗೆ, "ಒಂದು!"

ಆಮೇಲೆ, "ಏಳು! ಏಳು ಮೇಡಂ... ಅಲ್ಲ, ಒಂಬತ್ತು!"

ಆಮೇಲೆ ಅವನು ಕೂಗಿದ್ದು ಅಂಕಿಯಾಗಿರಲಿಲ್ಲ. "ಮರ! ಬೇರು ಸಮೇತ ಬರ್ತಾ ಅದೆ ಮೇಡಂ, ಮರಗಳು!"

ಆ ಲೆಕ್ಕಕ್ಕೆ ಲಯವಿರಲಿಲ್ಲ, ಪ್ರಾಸವಿರಲಿಲ್ಲ. ಎಡವುತ್ತ, ಹಾರುತ್ತ, ಒಮ್ಮೆ ಸುಮ್ಮನಿದ್ದು ಇನ್ನೊಮ್ಮೆ ನುಗ್ಗುತ್ತ ಬರುತ್ತಿತ್ತು. ನಿಜವಾದ ಹೊಳೆ ಎಂದರೆ ಇದು. ಕಿಟಕಿಯಾಚೆ ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲೇ ಪರದೆಯ ಮೇಲೆ ಸೇತು ಇನ್ನೂ ತನ್ನ ಪಾಡಿಗೆ ಅಂಕಿ ಹಾಕುತ್ತಿತ್ತು. ಅರ್ಧ ಪದ್ಯ ಮುಗಿಸಿ ಉತ್ತರಾರ್ಧಕ್ಕೆ ಹೋಗಿತ್ತು. ಮೂರು. ನಾಲ್ಕು. ಮೂರು. ನಾಲ್ಕು. ಅದರ ಪ್ರಶಾಂತಿಯನ್ನು ಕಂಡು ನನಗೆ ಹೊರಗಿನ ನೀರಿಗಿಂತ ಹೆಚ್ಚು ಭಯವಾಯಿತು.

ಹನ್ನೊಂದು ಹತ್ತು. ನಲವತ್ತರಲ್ಲಿ ಮೂವತ್ತೊಂದು ತುಂಬಿತ್ತು. ಮೇಡಂ ಗೇಟಿನ ಗುಂಡಿಯ ಮುಚ್ಚಳ ತೆಗೆದರು.

"ಜವರಯ್ಯ, ಎಷ್ಟು? ಓವರ್."

"ಐವತ್ತೇಳು ಸ್ವಾಮಿ. ಅಮ್ಮಾವ್ರು ಒಬ್ರೇ. ಇನ್ನೂ ಮಂಟಪದ ಮೆಟ್ಟಿಲಲ್ಲವ್ರೆ. ಎಲ್ರೂ ದಾಟ್ಲಿ ಅಂತ ನಿಂತಿದ್ರು. ಓವರ್."

ಮೇಡಂ ನನ್ನ ಮುಖ ನೋಡಿದರು. ಅವರ ಬೆರಳು ಗುಂಡಿಯ ಮೇಲಿತ್ತು, ಒತ್ತಿರಲಿಲ್ಲ. ಅವರಿಗೆ ನನ್ನ ಮಗಳ ವಯಸ್ಸು. ಅದನ್ನು ಅವರ ಮೇಲೆ ಹೊರಿಸಲು ನನಗೆ ಮನಸ್ಸಾಗಲಿಲ್ಲ.

"ತೆರೀರಿ ಮೇಡಂ," ಎಂದೆ. "ಹನ್ನೆರಡು ನಿಮಿಷ ಇದೆ. ಅವಳಿಗೆ ಆ ಕಲ್ಲುಗಳು ಗೊತ್ತು."

ಗೇಟುಗಳು ಎದ್ದವು. ನೆಲ ನಡುಗಿತು, ಮೇಜಿನ ಮೇಲಿನ ಲೋಟ ನಡುಗಿತು. ನಾನು ಸೆಟ್ಟನ್ನು ಎದೆಗೆ ಒತ್ತಿಕೊಂಡು ಗಡಿಯಾರ ನೋಡುತ್ತ ಕೂತೆ. ನಾಲ್ಕು ನಿಮಿಷ. ಆರು. ಕರೆಯಲು ಗುಂಡಿ ಒತ್ತಿದರೆ ಆ ಕಡೆಯ ಮಾತು ಎಲ್ಲಿ ತಪ್ಪಿಹೋಗುವುದೋ ಎಂದು ಕರೆಯಲೂ ಇಲ್ಲ. ಎಂಟು. ಒಂಬತ್ತು. ಸಾಯುವಾಗ ಕೊನೆಯ ಉಸಿರಿನೊಂದಿಗೆ ಜಪಿಸಬೇಕಾದ ಮಂತ್ರವನ್ನು ನಾನು ಅಲ್ಲೇ, ಬದುಕಿರುವಾಗಲೇ, ಮುಗಿಸಿದೆ.

ಹತ್ತನೆಯ ನಿಮಿಷಕ್ಕೆ ಸೆಟ್ಟು ಗರಗರ ಎಂದಿತು.

"ರೀ..." ಉಸಿರು ಸಿಗದ ಧ್ವನಿ. "ದಡದಲ್ಲಿದೀನಿ. ವ್ಯಾಸಪೀಠ ಅಲ್ಲೇ ಉಳೀತು. ನೀವು ಬರ್ದು ಕೊಟ್ಟ ಹಾಳೆಗಳೂ." ಆಮೇಲೆ, ಪಕ್ಕದಲ್ಲಿ ಯಾರನ್ನೋ ಕೇಳುವಂತೆ, "ಇದ್ರಲ್ಲಿ ಏನೋ ಅನ್ಬೇಕಲ್ಲಾ ಜವರಯ್ಯ... ಹ್ಞಾ, ಓವರ್."

ನಾನು ಅತ್ತುಬಿಟ್ಟೆ. ಮೇಡಂ ನೀಲಿ ವೈರನ್ನು ಕಿತ್ತರು, ಆಮೇಲೆ ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತರು. ಪರದೆ ಕಪ್ಪಾದ ಮೇಲೂ ಇಬ್ಬರೂ ಅದರ ಕಡೆ ಬೆನ್ನು ಮಾಡಿ ಕೂರಲಿಲ್ಲ.

*

ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ಮಂಗಳಾ ಕಾಲಿನ ತರಚುಗಾಯಕ್ಕೆ ಅರಿಸಿನ ಹಚ್ಚಿಕೊಂಡು ಮಣೆಯ ಮೇಲೆ ಕೂತಳು. ಅರ್ಧಕ್ಕೆ ನಿಂತ ಪದ್ಯವನ್ನು ಹಾಗೇ ಬಿಟ್ಟು ಮಲಗಬಾರದು ಎಂದಳು. ಹಾಳೆಗಳು ಹೊಳೆಯ ಪಾಲಾಗಿದ್ದವು. ನನ್ನ ಫೈಲು ಪ್ಲಗ್ಗು ಕಿತ್ತ ಆ ಕಂಪ್ಯೂಟರಿನಲ್ಲಿತ್ತು. ಮುತ್ತಜ್ಜನ ನೋಟುಬುಕ್ಕಿನ ಆ ಪುಟವನ್ನು, ನಾನು ಟೈಪು ಮಾಡಿದ ಮೇಲೆ, ನುಸಿ ತಿಂದುಹಾಕಿತ್ತು. ನೆನಪಿನಿಂದಲೇ ಎತ್ತಿಕೊಂಡಳು.

ಮೊದಲ ಸಾಲು ಬಂತು. ಮೂರು, ನಾಲ್ಕು, ಮೂರು, ನಾಲ್ಕು. ನನ್ನ ಕೈ ತೊಡೆಯ ಮೇಲೆ ತಾಳಕ್ಕೆ ಏಳಲಿಲ್ಲ. ಹುಟ್ಟಿದಾಗಿನಿಂದ ನನ್ನನ್ನು ತೂಗಿದ ಲಯ ಅದು. ಈಗ ಅದು ಕಿವಿಗೆ ಬಿದ್ದೊಡನೆ ಹೊಟ್ಟೆಯೊಳಗೆ ಕೆಂಪು ಚುಕ್ಕಿಯೊಂದು ಹತ್ತಿಕೊಂಡಿತು. ಇವಳು ಓದುತ್ತಿರುವುದು ಮುತ್ತಜ್ಜನ ಸಾಲೋ, ಇವಳದೋ? ನನಗೆ ಹೇಗೆ ಗೊತ್ತಾಗಬೇಕು? ಇನ್ನು ಮುಂದೆ ಯಾವುದಾದರೂ ಹೇಗೆ ಗೊತ್ತಾಗಬೇಕು?

ಎರಡನೆಯ ಸಾಲು ಬಂತು. ಮೂರನೆಯ ಸಾಲಿಗೆ ಎತ್ತಿಕೊಂಡಳು, ಏರಿದಳು, ನಡುವೆ ನಿಂತಳು.

ಕಣ್ಣು ಮುಚ್ಚಿದಳು. ತುಟಿ ಒಮ್ಮೆ ಅಲುಗಿತು. ಮೂವತ್ತು ವರ್ಷ ಪದ್ಯ ಓದಿದವಳು. ಆ ಜಾಗಕ್ಕೆ ಕೂರುವ ಹತ್ತು ಮಾತು ಆ ನಾಲಗೆಯ ತುದಿಯಲ್ಲೇ ಇದ್ದಿರಬೇಕು.

ಅವಳು ಕಣ್ಣು ಬಿಟ್ಟು ನನ್ನ ಕಡೆ ನೋಡಿದಳು.

"ಸಿಗ್ತಾ ಇಲ್ಲ ರೀ," ಎಂದಳು.

ಆ ಸಾಲನ್ನು ಹಾಗೇ ಬಿಟ್ಟೆವು. ಬಹಳ ಹೊತ್ತಿನವರೆಗೆ ಅದರ ಖಾಲಿ ಜಾಗದಲ್ಲಿ ದೂರದ ಹೊಳೆಯ ಮೊರೆತ ಮಾತ್ರ ಕೇಳಿಸುತ್ತಿತ್ತು.